ಚಿಲಕ ಮುರಿದರೆ ಕಿಟಕಿ ಯಾಕೆ ಬದಲಿಸಬೇಕು?

ಕಿಟಕಿ ಮಾರುವ ಮಹಾಶಯನೊಬ್ಬ ಈಗಷ್ಟೇ ನಮ್ಮ ಮನೆಯಿಂದ ಎದ್ದು ಹೋದ. ತಲೆಬಿಸಿ ಇನ್ನೂ ಇಳಿದಿಲ್ಲ. ಇಷ್ಟ ಇಲ್ಲದವರು ಸುಮ್ನೆ ಸ್ಕ್ರಾಲ್ ಮಾಡಿ.

ನಮ್ಮ ನ್ಯೂಜೆರ್ಸಿ ಮನೆಗೆ ಬಂದವರಿಗೆ ಗೊತ್ತು, ಇಲ್ಲಿರುವುದೆಲ್ಲ ಡಬಲ್ ಹಂಗ್ ಕಿಟಕಿ, ಹಿಂದಿನ ಮಾಲೀಕರು ಹಾಕಿಸಿದ ವೈನಿಲ್ ಮಾಲು. ಊರಲ್ಲಿರುವವರಿಗೆ ಹೇಳಬೇಕೆಂದರೆ, ಮೇಲೊಂದು ಕೆಳಗೊಂದು ಗಾಜಿನ ಚೌಕಟ್ಟು. ಎರಡೂ ಜಾರುತ್ತವೆ. ನಡುವೆ ಸೇರುವ ಜಾಗದಲ್ಲಿ ಬೆರಳಲ್ಲಿ ತಿರುಗಿಸುವ ಪುಟ್ಟ ಚಿಲಕ. ನಮ್ಮ ಕಡೆಯ ಹಾಗೆ ಕಬ್ಬಿಣದ ಸರಳು ಇಲ್ಲ, ಆ ಚಿಲಕವೇ ಗತಿ. ಕಳ್ಳನನ್ನು ತಡೆಯುವುದಷ್ಟೇ ಅಲ್ಲ, ಎರಡೂ ಚೌಕಟ್ಟುಗಳನ್ನು ಬಿಗಿಯಾಗಿ ಎಳೆದು ಹಿಡಿದು ಚಳಿಗಾಳಿ ನುಗ್ಗದಂತೆ ನೋಡಿಕೊಳ್ಳುವುದೂ ಅದೇ.

ಊಟದ ಮನೆಯ ಚಿಲಕದ ಹಿಡಿ ಮುರಿಯಿತು. ಅಷ್ಟೇ ಸ್ವಾಮಿ ಆಗಿದ್ದು. ಅದಕ್ಕೆ ಇವನು ಮನೆಯ ಎಲ್ಲ ಕಿಟಕಿ ಕಿತ್ತು ಹೊಸದು ಹಾಕಿ ಎನ್ನುತ್ತಾನೆ! ಒಳ್ಳೆ ಸೆಕೆಂಡ್‌ಹ್ಯಾಂಡ್ ಕಾರು ಬರುವಷ್ಟು ದುಡ್ಡು. ಅದೂ ‘ಇವತ್ತೇ ಸಹಿ ಹಾಕಿದರೆ ಮಾತ್ರ ಡಿಸ್ಕೌಂಟ್’ ಅಂತೆ. ನೆಗಡಿ ಬಂತು ಅಂತ ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರಾ? (ಇಂಥವರಿಗೆ ಸಹಿ ಹಾಕಿ ಒದ್ದಾಡುತ್ತಿರುವವರು ಗಮನಿಸಿ: ಮನೆಗೆ ಬಂದು ಮಾರಿದ್ದನ್ನು 3 ವ್ಯವಹಾರ ದಿನಗಳೊಳಗೆ ರದ್ದು ಮಾಡಲು ಇಲ್ಲಿನ ಫೆಡರಲ್ ನಿಯಮ ಬಿಡುತ್ತದೆ.)

‘ಹೊಸ ಕಿಟಕಿ ಹಾಕಿದರೆ ಹೀಟಿಂಗ್ ಬಿಲ್ ಇಳಿಯುತ್ತೆ ಅಲ್ವಾ’ ಎಂದು ಕೆಲವರು ಕಾಮೆಂಟಿಗೆ ಬರುತ್ತೀರಿ, ಗೊತ್ತು. ಒಂದೇ ಗಾಜಿನ ಹಳೇ ಮರದ ಕಿಟಕಿ ಇದ್ದಿದ್ದರೆ ಒಪ್ಪುತ್ತಿದ್ದೆ. ಇದು ಆಗಲೇ ಜೋಡಿ ಗಾಜಿನದು. ಉಳಿಯುವ ಚಿಲ್ಲರೆಯಿಂದ ಆ ಕೋಟೇಶನ್ ತೀರಿಸಲು ನನ್ನ ಮೊಮ್ಮಕ್ಕಳು ಬರಬೇಕು. ಕಿಟಕಿಗೆ 600 ಡಾಲರ್‌ವರೆಗೆ ಸಿಗುತ್ತಿದ್ದ ತೆರಿಗೆ ರಿಯಾಯಿತಿಯೂ 2025ರ ಕೊನೆಗೆ ಮುಗಿಯಿತು.

ಮುರಿದದ್ದಾದರೂ ಯಾಕೆ? ಮೇಲಿನ ಚೌಕಟ್ಟು ಒಂದಿಷ್ಟು ಕೆಳಗೆ ಜಾರಿ ಕೂತಿತ್ತು. ಚಿಲಕದ ಕೊಕ್ಕೆ ಎದುರಿನ ಹಿಡಿತಕ್ಕೆ ಸರಿಯಾಗಿ ಕೂರದೆ ಅಂಚಿಗೆ ಬಡಿಯುತ್ತಿತ್ತು. ಮನೆಗೆ ಬಂದವರೆಲ್ಲ ಬಲ ಹಾಕಿ ತಿರುಗಿಸಿದರು. ಜಿಂಕ್ ಎರಕದ ಹಿಡಿ ಬಗ್ಗುವುದಿಲ್ಲ, ಪಟ್ ಅಂತ ಹೋಗುತ್ತದೆ. ಮೊದಲು ಮೇಲಿನದನ್ನು ಪೂರ್ತಿ ಮೇಲಕ್ಕೆ ತಳ್ಳಿ, ಕೆಳಗಿನದನ್ನು ಒತ್ತಿ, ಆಮೇಲೆ ತಿರುಗಿಸಿ ಎಂದು ಮಾರಾಯನಿಗೆ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ವ್ಯಾಪಾರ ಕೆಡುತ್ತಲ್ಲ!

ಬದಲಿಸುವುದೇನು ಮಹಾ ವಿದ್ಯೆ, ಎರಡು ಸ್ಕ್ರೂ. ಕಷ್ಟ ಇರುವುದು ಅದೇ ಅಳತೆಯದು ಹುಡುಕುವುದರಲ್ಲಿ. ಎರಡು ತೂತುಗಳ ಮಧ್ಯದಿಂದ ಮಧ್ಯಕ್ಕೆ ಅಳೆಯಬೇಕು. ಒಂದು ಕಂಪನಿಯದು 2-1/16 ಇಂಚು, ಇನ್ನೊಂದರದು 2-3/8. ಎಡ, ಬಲ ಎಂದು ಬೇರೆ ಇರುತ್ತದೆ. ಬಿಚ್ಚಿ ತಿರುವಿ ಹಾಕಿದರೆ ಅಡಿಯಲ್ಲಿ ಎರಕದಲ್ಲೇ ಮೂಡಿದ ನಂಬರ್ ಸಿಗಬಹುದು, ಅದನ್ನು ಹಿಡಿದು ಹುಡುಕಿ. ಸ್ಕ್ರೂ ಮಾತ್ರ ಹಳೆಯದರಷ್ಟೇ ಉದ್ದ ಇರಲಿ. ಜಾಸ್ತಿ ಉದ್ದ ಆದರೆ ಒಳಗೆ ಗಾಜಿನ ಅಂಚಿಗೆ ತಾಗಬಹುದು. ಇಷ್ಟಕ್ಕೆ ಖರ್ಚು ಎರಡು ಕಾಫಿಯಷ್ಟು. ಆದರೂ ಅಂಗಡಿಗೆ ಹೋಗಿ ಕೇಳಿದರೆ ಅಲ್ಲೂ ಅದೇ ರಾಗ, ‘ಕಿಟಕಿ ಬದಲಿಸಿಬಿಡಿ ಸರ್.’

ನಿಜ ಹೇಳಬೇಕೆಂದರೆ ನನಗೆ ಇದು ಬರೀ ದುಡ್ಡಿನ ವಿಷಯ ಅಲ್ಲ. ಮಂಡ್ಯದ ಮನೆಗೆ ಕಳ್ಳ ನುಗ್ಗಿದ ಮೇಲೆ ರಾತ್ರಿ ಮಲಗುವ ಮುಂಚೆ ಪ್ರತಿ ಚಿಲಕ ಮುಟ್ಟಿ ನೋಡುವ ಚಾಳಿ ಅಂಟಿದೆ. ಹೆಂಡತಿ ನಗುತ್ತಾಳೆ, ನಗಲಿ. ಒಂದು ಚಿಲಕ ಇಲ್ಲದಿದ್ದರೂ ನನಗೆ ನಿದ್ದೆ ಹತ್ತುವುದಿಲ್ಲ. ಆ ಭಯವನ್ನೇ ಹಿಡಿದುಕೊಂಡು ಅವನು ವ್ಯಾಪಾರ ಮಾಡಲು ನೋಡಿದನಲ್ಲ, ಅದಕ್ಕೇ ಉರಿಯುತ್ತಿರುವುದು.

ಊಟದ ಮನೆಯದು ಸರಿಹೋಯಿತು. ಮಹಡಿಯ ಕೋಣೆಯದೂ ಸಡಿಲ ಆಗಿದೆ. 2-3/8 ಅಳತೆಯ ಎಡಗಡೆ ಚಿಲಕ, ಬಿಳಿ ಬಣ್ಣದ್ದು, ಯಾರ ಗ್ಯಾರೇಜಿನಲ್ಲಾದರೂ ಬಿದ್ದಿದ್ದರೆ ಎಸೆಯಬೇಡಿ, ಇನ್‌ಬಾಕ್ಸಿಗೆ ಬನ್ನಿ. ಕಿಟಕಿ ಮಾರುವವರು ಬರಬೇಡಿ.