ಮಿಸ್ಟರ್ ಫಿಟ್, ಮಿಸೆಸ್ ಗ್ಯಾಸ್ಟ್ರಿಕ್

ಮುಟ್ಟು ನಿಲ್ಲುವ ತನಕ ಹೆಂಗಸರಿಗೆ ಹೃದಯಾಘಾತ ಕಡಿಮೆ, ನಿಂತ ಮೇಲೆ ಹೆಚ್ಚು. ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ನೇ ಹೃದಯ ಕಾಯುತ್ತಿರಬೇಕು ಎಂದು ಅಮೆರಿಕದ ಪಂಡಿತರಿಗೆ ಹೊಳೆಯಿತು. ಮಾತ್ರೆ ಮಾಡಿ ಕೊಟ್ಟೇ ನೋಡೋಣ ಎಂದರು. ಯಾರಿಗೆ? ಗಂಡಸರಿಗೆ!

ತಮಾಷೆಯಲ್ಲ. 1966ರಲ್ಲಿ ಶುರುವಾದ 'ಕೊರೊನರಿ ಡ್ರಗ್ ಪ್ರಾಜೆಕ್ಟ್' ಎಂಬ ಹೃದಯದ ಔಷಧ ಪರೀಕ್ಷೆಯ 8,341 ಮಂದಿಯಲ್ಲಿ ಒಬ್ಬಳೂ ಹೆಂಗಸಿರಲಿಲ್ಲ. ಒಮ್ಮೆ ಹೃದಯಾಘಾತವಾಗಿ ಬದುಕುಳಿದ ಗಂಡಸರೇ ಎಲ್ಲ. ಅವರಲ್ಲಿ ಒಂದಷ್ಟು ಜನಕ್ಕೆ ಈಸ್ಟ್ರೋಜನ್ ನುಂಗಿಸಿದರು. ಮೊಲೆ ಬೆಳೆಯಿತು, ಪುರುಷತ್ವ ಕುಂದಿತು, ರಕ್ತ ಹೆಪ್ಪುಗಟ್ಟಿತು. ಹೃದಯಕ್ಕೆ ನಯಾಪೈಸೆ ಲಾಭವಿಲ್ಲ. ಯಕ್ಷಗಾನದಲ್ಲಿ ಸ್ತ್ರೀವೇಷ ಕಟ್ಟುವವರೂ ಇಷ್ಟು ತ್ಯಾಗ ಮಾಡಿದವರಲ್ಲ. 1970ರಲ್ಲಿ ದೊಡ್ಡ ಡೋಸು ನಿಂತಿತು, 1973ರಲ್ಲಿ ಸಣ್ಣದೂ ನಿಂತಿತು. ಅದೇ ದಶಕದಲ್ಲಿ ಹೃದ್ರೋಗ ತಡೆಯುವ ಇನ್ನೊಂದು ದೊಡ್ಡ ಅಧ್ಯಯನ: 12,866 ಜನ, ಮತ್ತೆ ಎಲ್ಲರೂ ಗಂಡಸರು. ಅದರ ಇಂಗ್ಲಿಷ್ ಹೆಸರನ್ನು ಮೊಟಕು ಮಾಡಿದರೆ 'ಮಿಸ್ಟರ್ ಫಿಟ್' ಆಗುತ್ತದೆ. ಹೆಸರಿಟ್ಟವರ ಪ್ರಾಮಾಣಿಕತೆಗೆ ಕೈ ಮುಗಿಯಬೇಕು.

ಹೆಂಗಸರ ಪಾಲಿಗೆ ಬಸುರಿ ಕುದುರೆಯ ಉಚ್ಚೆಯಿಂದ ತೆಗೆದ ಈಸ್ಟ್ರೋಜನ್ ಮಾತ್ರೆ 1942ರಿಂದಲೇ ಅಂಗಡಿಯಲ್ಲಿತ್ತು. (ಗೋಮೂತ್ರ ಎಂದರೆ ಮೂಗು ಮುಚ್ಚುವವರಿಗೆ ಇದು ಗೊತ್ತಿರಲಿ, ಗೋಮೂತ್ರದವರು ಹಿಗ್ಗುವುದೂ ಬೇಡ.) ಅದನ್ನು ನುಂಗುವವರಿಗೆ ಹೃದಯಾಘಾತ ಕಡಿಮೆ ಎಂದು ಲೆಕ್ಕ ಬಂತು. ನುಂಗುತ್ತಿದ್ದವರಾದರೋ ಉಳ್ಳವರು, ಓದಿದವರು, ನೆಗಡಿಗೂ ಡಾಕ್ಟರ ಬಳಿ ಓಡುವವರು. ಬೆಳ್ಳಿ ಲೋಟದಲ್ಲಿ ಕಾಫಿ ಕುಡಿಯುವವರಿಗೆ ಆಯಸ್ಸು ಜಾಸ್ತಿ, ಆದ್ದರಿಂದ ಎಲ್ಲರೂ ಲೋಟ ಕೊಳ್ಳಿ ಎಂದ ಹಾಗಾಯಿತು.

ಕೊನೆಗೂ ಹೆಂಗಸರ ಮೇಲೆಯೇ ದೊಡ್ಡ ಪರೀಕ್ಷೆ ನಡೆಯಿತು. ಈಸ್ಟ್ರೋಜನ್ ಜೊತೆ ಇನ್ನೊಂದು ಹಾರ್ಮೋನು ಕೂಡಿದ ಮಾತ್ರೆಯ ಪರೀಕ್ಷೆಗೆ 16,608 ಮಂದಿ, ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ವರ್ಷ ದಾಟಿದವರೇ ಹೆಚ್ಚು. ಮಳೆಗಾಲ ಮುಗಿದ ಮೇಲೆ ಕೊಡೆ ಹಂಚಿ, ಕೊಡೆಯಿಂದ ಉಪಯೋಗವಿದೆಯೇ ಎಂದು ಕೇಳಿದ ಹಾಗೆ. 2002ರ ಜುಲೈಯಲ್ಲಿ ಅರ್ಧಕ್ಕೇ ನಿಲ್ಲಿಸಿ, ಹೃದಯಕ್ಕೆ ಅಪಾಯ ಶೇ. 29 ಹೆಚ್ಚು ಎಂದರು. ಬಿಡಿಸಿ ಹೇಳಿದರೆ, ವರ್ಷಕ್ಕೆ 10,000 ಹೆಂಗಸರಲ್ಲಿ 30 ಇದ್ದದ್ದು 37 (ಶೇ. 29 ಬೇರೆ ವಿಧಾನದ ಲೆಕ್ಕ, ಅದಕ್ಕೇ ತಾಳೆಯಾಗದು). ಸ್ತನ ಕ್ಯಾನ್ಸರ್ ಇನ್ನೂ 8 ಹೆಚ್ಚು. ಬಿಡಿಸಿ ಹೇಳುವ ವ್ಯವಧಾನ ಯಾರಿಗಿದೆ? ಸೆಕೆ ಏರಿ ನಿದ್ದೆಗೆಟ್ಟ 48ರವಳೂ ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕಿದಳು. ಹೆಚ್ಚುಕಡಿಮೆ ರಕ್ತಕ್ಕೇ ಸೇರದ, ಯೋನಿಗೆ ಹಚ್ಚುವ ಕ್ರೀಮಿನ ಡಬ್ಬಿಯ ಮೇಲೂ ಹೃದಯಾಘಾತದ ಎಚ್ಚರಿಕೆಯ ಕಪ್ಪು ಚೌಕ ಬಿತ್ತು. ಆ ಚೌಕ ತೆಗೆಸುತ್ತೇವೆ ಎಂದು ಅಮೆರಿಕ ಸರ್ಕಾರ ಘೋಷಿಸಿದ್ದು 2025ರ ನವೆಂಬರಿನಲ್ಲಿ. ಈಗ ಮತ್ತೆ ಈ ಮಾತ್ರೆಯೇ ಹೃದಯಕ್ಕೆ ಸಂಜೀವಿನಿ ಎಂಬ ಭಜನೆ ಶುರುವಾಗಿದೆ. ಅರವತ್ತರೊಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷ ದಾಟದವರಿಗೆ, ಸೆಕೆ-ಬೆವರಿನ ಕಾಟಕ್ಕೆ ಡಾಕ್ಟರು ನೋಡಿ ಕೊಟ್ಟರೆ ಸಾಮಾನ್ಯವಾಗಿ ಒಳ್ಳೆಯದೇ. ಬರೀ ಹೃದಯ ಕಾಯಲೆಂದು ನುಂಗಬೇಡಿ ಎನ್ನುವ ವೈದ್ಯರ ಮಾತು ಭಜನೆಯ ತಾಳಕ್ಕೆ ಕೂರುವುದಿಲ್ಲ.

ನಮ್ಮಲ್ಲಿ ಇಂಥ ಗೊಂದಲವೇ ಇಲ್ಲ. ಹೆಂಗಸರಿಗೆ ಬರುವುದು ಎರಡೇ ಕಾಯಿಲೆ: ಉಷ್ಣ ಮತ್ತು ಗ್ಯಾಸ್ಟ್ರಿಕ್. ನಮ್ಮ ಚಿಕ್ಕಮ್ಮನಿಗೆ ಮುಟ್ಟು ನಿಂತದ್ದು 46ಕ್ಕೆ. ರಾತ್ರಿ ಎರಡಕ್ಕೆ ಬೆವೆತು ಎದ್ದು ಫ್ಯಾನನ್ನು ಐದಕ್ಕೆ ತಿರುಗಿಸುತ್ತಾಳೆ. ಚಿಕ್ಕಪ್ಪ ರಗ್ಗಿನೊಳಗಿಂದಲೇ ಕೈ ಚಾಚಿ ಒಂದಕ್ಕೆ ಇಳಿಸುತ್ತಾರೆ. ಕಳೆದ ತಿಂಗಳು ಚಿಕ್ಕಪ್ಪನ ವಾರ್ಷಿಕ ಇಸಿಜಿಗೆ ಫೈಲು ಹಿಡಿದುಕೊಂಡು ಹೋದವಳು ಮೆಟ್ಟಿಲಲ್ಲಿ ಏದುಸಿರು ಬಿಟ್ಟು ಕೂತಳಂತೆ. ದವಡೆ ಬೇರೆ ನೋವು. ನರ್ಸು, "ನಿಮ್ಮದೂ ಒಂದು ಇಸಿಜಿ ತೆಗೆಯೋಣ್ವಾ ಅಮ್ಮಾ?" ಎಂದಳು.

"ಅಯ್ಯೋ, ನಂಗೇನಮ್ಮಾ ಆಗಿದೆ? ಬೆಳಿಗ್ಗೆ ಅವಲಕ್ಕಿ ತಿಂದೆ, ಗ್ಯಾಸು. ಅವರದ್ದು ಸರಿಯಾಗಿ ನೋಡಿ."