ಸಂವಿಧಾನ ತಿದ್ದಲು ಮತದಾರನ ಒಪ್ಪಿಗೆ

2024ರ ನವೆಂಬರ್ ಚುನಾವಣೆಗೆ ಮುನ್ನ ಕ್ಯಾಲಿಫೋರ್ನಿಯಾದ ನಮ್ಮ ಮನೆಗೆ ಅಂಚೆಯಲ್ಲಿ ಬಂದ ಸರ್ಕಾರಿ ಪುಸ್ತಿಕೆಯನ್ನು, ರಾಯಚೂರಿನಿಂದ ಬಂದಿದ್ದ ಅಪ್ಪ ನನಗಿಂತ ಮೊದಲೇ ಬಿಡಿಸಿ ಕೂತಿದ್ದರು. ರಾಜ್ಯ ಸಂವಿಧಾನದಿಂದ ಕೈಬಿಡಬೇಕೆಂದಿರುವ ಸಾಲುಗಳಿಗೆ ಗೀಟು ಎಳೆದು, ಹೊಸ ಸಾಲುಗಳನ್ನು ಓರೆ ಅಕ್ಷರದಲ್ಲಿ ಅಚ್ಚುಹಾಕಿ, ಪರ-ವಿರೋಧದ ವಾದಗಳನ್ನೂ ಕೊಟ್ಟಿದ್ದರು. "ಇದನ್ನೂ ನಿನ್ನ ಕೇಳ್ತಾರೇನಪ?" ಎಂದರು.

ಕೇಳಲೇಬೇಕು. ಶಾಸನಸಭೆಯ ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಒಪ್ಪಿದರೂ, ಮತದಾರರ ಬಹುಮತವಿಲ್ಲದೆ ಇಲ್ಲಿಯ ಸಂವಿಧಾನದ ಒಂದಕ್ಷರವೂ ಬದಲಾಗದು. 1911ರಿಂದ ಜನರೇ ತಿದ್ದುಪಡಿಯನ್ನು ಸೂಚಿಸಲೂಬಹುದು. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ. 8ರಷ್ಟು, 2022ರ ಚುನಾವಣೆಯ ಲೆಕ್ಕದಲ್ಲಿ 8,74,641 ಸಹಿಗಳು ಬೇಕು. ದಿನಸಿ ಅಂಗಡಿಗಳ ಬಾಗಿಲಲ್ಲಿ ಹಲಗೆ, ಪೆನ್ನು ಹಿಡಿದು ನಿಂತಿರುವವರು ಇವನ್ನೇ ಕೂಡಿಸುತ್ತಾರೆ (ಅವರಲ್ಲಿ ಹಲವರದು ಕೂಲಿ ಕೆಲಸ ಎಂಬುದು ಬೇರೆ ಮಾತು). ಸರ್ಕಾರದ ಚೌಕಟ್ಟನ್ನೇ ಬದಲಿಸುವ ಸಮಗ್ರ ಪರಿಷ್ಕರಣೆಗೆ ಮಾತ್ರ ಸಹಿ ಸಂಗ್ರಹ ಸಾಲದು. ಅದು ಶಾಸನಸಭೆಯಿಂದ ಅಥವಾ ಸಂವಿಧಾನ ಸಮಾವೇಶದಿಂದಲೇ (ಸಂವಿಧಾನವನ್ನು ಪರಿಷ್ಕರಿಸಲೆಂದೇ ಕೂಡಿಸುವ ಪ್ರತಿನಿಧಿಗಳ ಸಭೆ) ಬರಬೇಕು.

ಕರ್ನಾಟಕಕ್ಕೆ ಪ್ರತ್ಯೇಕ ಸಂವಿಧಾನವಿಲ್ಲ, ನಿಜ. ಆದರೆ ಹೈದರಾಬಾದ್ ಕರ್ನಾಟಕದ (ಇಂದಿನ ಕಲ್ಯಾಣ ಕರ್ನಾಟಕ), ರಾಯಚೂರೂ ಸೇರಿ ಆಗಿದ್ದ ನಮ್ಮ ಆರು ಜಿಲ್ಲೆಗಳಿಗೆ ವಿಶೇಷ ಸ್ಥಾನ ಕೊಟ್ಟು ಅವುಗಳ ಹಣೆಬರಹವನ್ನು ಬದಲಿಸಿದ 371ಜೆ ವಿಧಿಯೂ ಭಾರತದ ಸಂವಿಧಾನಕ್ಕೆ ಆದ ತಿದ್ದುಪಡಿಯೇ. ಅದಕ್ಕಾಗಿ ವರ್ಷಾನುಗಟ್ಟಲೆ ಹೋರಾಡಿದವರು ನಮ್ಮವರು. 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ್ದನ್ನು ಮಾತ್ರ ನಾವು ಪತ್ರಿಕೆಯಲ್ಲಿ ಓದಿದೆವು. ಕರಡನ್ನು ಯಾರೂ ಮನೆಗೆ ಕಳಿಸಲಿಲ್ಲ. ಜನರಿಗೆ ಇದೆಲ್ಲ ತಿಳಿಯದು ಎಂಬ ಮಾತು ನಮ್ಮಲ್ಲಿ ಸುಲಭವಾಗಿ ಬರುತ್ತದೆ. ಪಹಣಿಯ ಒಂದೊಂದು ಕಾಲಂ ಓದಿ ತಹಶೀಲ್ದಾರ್ ಕಚೇರಿಯಲ್ಲಿ ವಾದಿಸುವ ರೈತನಿಗೆ ಸಂವಿಧಾನದ ಒಂದು ವಿಧಿಯನ್ನು ಓದಲು ಬಾರದೆ?

ಇಷ್ಟು ಹೇಳಿದ ಮೇಲೆ, ಒಪ್ಪಿಕೊಳ್ಳಲು ಮನಸ್ಸಿಲ್ಲದಿದ್ದರೂ ಇನ್ನೊಂದನ್ನು ಹೇಳಲೇಬೇಕು. 2008ರಲ್ಲಿ ಇದೇ ಕ್ಯಾಲಿಫೋರ್ನಿಯಾದ ಮತದಾರರು, ಶೇ. 52ರಷ್ಟು ಮತಗಳಿಂದ, ಸಲಿಂಗ ವಿವಾಹವನ್ನು ನಿಷೇಧಿಸುವ ಸಾಲನ್ನು ಸಂವಿಧಾನಕ್ಕೆ ಸೇರಿಸಿದ್ದರು. ಇದು ಪರಿಷ್ಕರಣೆಯಲ್ಲ, ತಿದ್ದುಪಡಿಯಷ್ಟೇ ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಮರುವರ್ಷ ಎತ್ತಿಹಿಡಿಯಿತು. ಮುಂದೆ ಒಕ್ಕೂಟದ ನ್ಯಾಯಾಲಯಗಳಿಂದಾಗಿ ನಿಷೇಧ ನಿಂತುಹೋದರೂ, ಆ ಸಾಲು ಅಳಿದದ್ದು 2024ರ ಮತದಾನದಲ್ಲೇ. ಬಹುಮತದ ಕೈಗೆ ಲೇಖನಿ ಕೊಟ್ಟರೆ ಅಲ್ಪಸಂಖ್ಯಾತರ ಹಕ್ಕಿಗೂ ಗೀಟು ಬೀಳುತ್ತದೆ. 371ಜೆ ಬೇಕೇ ಎಂದು ಇಡೀ ಕರ್ನಾಟಕದ ಮತ ಕೇಳಿದ್ದರೆ, ಉದ್ಯೋಗ ಮತ್ತು ಕಾಲೇಜು ಸೀಟುಗಳಲ್ಲಿ ನಮ್ಮ ಆರು ಜಿಲ್ಲೆಗಳಿಗೆ ಮೀಸಲಾತಿ ಕೊಡಲು ಉಳಿದ ಜಿಲ್ಲೆಗಳವರು ಒಪ್ಪುತ್ತಿದ್ದರೆಂದು ನಾನು ಎದೆ ತಟ್ಟಿ ಹೇಳಲಾರೆ.