ಬಾಗಿಲು ತಟ್ಟೋದನ್ನ ಮೊದಲು ಕಲಿಸಿ

ಈಗಷ್ಟೇ ಮನೆಮನೆಗೆ ಹೋಗಿ ಸಾಮಾನು ಮಾರೋ ಇಬ್ಬರು ಹುಡುಗರು ನಮ್ಮ ಬಾಗಿಲಿಗೆ ಬಂದು ಹೋದರು. ಮಟಮಟ ಮಧ್ಯಾಹ್ನ, ಹೆಗಲಿಗೆ ಭಾರದ ಬ್ಯಾಗು, ಬಾಯಲ್ಲಿ ಗಿಳಿಪಾಠ. ಆ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಏನೂ ಕಲಿಸದೆ ‘ಇವತ್ತು ಇಷ್ಟು ಮನೆ ಮುಗಿಸಿ’ ಅಂತ ಬೀದಿಗೆ ಬಿಟ್ಟವರ ಮೇಲಿದೆ.

ಬೆಲ್ ಒತ್ತಿದ ಮೇಲೆ 2 ಹೆಜ್ಜೆ ಹಿಂದೆ ಸರಿದು, ಸ್ವಲ್ಪ ಓರೆಯಾಗಿ ನಿಲ್ಲಬೇಕು. ಒಳಗಿನವರಿಗೆ ಮುಖ, ಎದೆ ಮೇಲಿನ ಐಡಿ ಕಾರ್ಡು, ಎರಡೂ ಕೈ ಕಾಣಬೇಕು. ಹೊಸ್ತಿಲಿಗೆ ಅಂಟಿಕೊಂಡು ನಿಂತರೆ ತೆರೆದ ಬಾಗಿಲು ಆಗಲೇ ಅರ್ಧ ಮುಚ್ಚುತ್ತೆ. ಹೆಸರು, ಎಲ್ಲಿಂದ ಬಂದದ್ದು, ಯಾಕೆ ಬಂದದ್ದು, ಒಂದೇ ಉಸಿರಲ್ಲಿ ಮುಗಿಯಬೇಕು. ಆಮೇಲೆ ಒಂದು ಪ್ರಶ್ನೆ ಕೇಳಿ ಸುಮ್ಮನಾಗಬೇಕು. ವಾಟರ್ ಫಿಲ್ಟರ್ ಮಾರುವವರು ‘ಈಗ ಕುಡಿಯೋ ನೀರಿಗೆ ಏನು ಮಾಡ್ತಿದ್ದೀರಿ?’ ಅಂದರೆ ಮನೆಯವರೇ ಮಾತು ಮುಂದುವರಿಸ್ತಾರೆ. ಗಿಳಿಪಾಠದಲ್ಲಿ ಆ ಬಿಡುವೇ ಇರಲ್ಲ.

ಅದಕ್ಕಿಂತ ದೊಡ್ಡ ನಷ್ಟ, ಬರೆದಿಡದೇ ಇರೋದು. ಪ್ರತಿ ಮನೆಗೂ ಹಾಳೆಯಲ್ಲಿ ಒಂದು ಸಾಲು ಬೇಕು: ಬೀಗ, ‘ಆಮೇಲೆ ಬನ್ನಿ’ (ಯಾವಾಗ ಅನ್ನೋದೂ ಸೇರಿ), ಬೇಡ, ಇನ್ನು ಬರಲೇಬೇಡಿ. ಬೀದಿಯ ಒಂದು ಮಗ್ಗುಲು ಮುಗಿಸಿಯೇ ಇನ್ನೊಂದು. ಮಧ್ಯಾಹ್ನ ಬೀಗ ಕಂಡ ಮನೆಗೆ ನಾಳೆಯೂ ಮಧ್ಯಾಹ್ನವೇ ಹೋದರೆ ಮತ್ತೆ ಬೀಗವೇ; ಸಂಜೆ ಹೋಗಬೇಕು, ಕತ್ತಲಾಗೋ ಮೊದಲು. ಹಾಳೆ ಇಲ್ಲದಿದ್ದರೆ ‘ಬರಲೇಬೇಡಿ’ ಅಂದ ಮನೆಗೇ ಮುಂದಿನ ವಾರ ಇನ್ನೊಬ್ಬ ಹುಡುಗ ಹೋಗಿ ಬೈಸಿಕೊಳ್ತಾನೆ.

‘ಹೆಚ್ಚು ಬಾಗಿಲು ತಟ್ಟಿದಷ್ಟೂ ಹೆಚ್ಚು ವ್ಯಾಪಾರ’ ಅಂತ ಮೇಲಿನವರು ಹೇಳ್ತಾರೆ. ತಟ್ಟದೆ ಏನೂ ಆಗಲ್ಲ, ಒಪ್ಪಿದೆ. ಆದರೆ ಬೀಗ ಹಾಕಿದ ಬಾಗಿಲನ್ನೂ ಲೆಕ್ಕಕ್ಕೆ ಹಿಡಿದು ಟಾರ್ಗೆಟ್ ಮುಟ್ಟಿತು ಅನ್ನೋದು ಯಾವ ಲೆಕ್ಕ? ಎಷ್ಟು ಜನ ನಿಂತು ಮಾತಾಡಿದರು ಅಂತ ಎಣಿಸಿ. 1998ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ರಾಜಕೀಯ ಶಾಸ್ತ್ರಜ್ಞರಾದ ಅಲನ್ ಗರ್ಬರ್, ಡೊನಾಲ್ಡ್ ಗ್ರೀನ್ ಮತದಾರರ ಮೇಲೆ ಪ್ರಯೋಗ ಮಾಡಿದಾಗ ಮನೆಗೆ ಹೋಗಿ ಎದುರೆದುರು ಮಾತಾಡಿಸಿದ್ದರಿಂದ ಮತದಾನ ಚೆನ್ನಾಗಿ ಏರಿತ್ತು. ಫೋನ್ ಕರೆಗಳಿಂದ ಏರಲಿಲ್ಲ. ಮುಖ ನೋಡಿ ಆಡುವ ಮಾತಿಗೆ ಅಂಥ ಬಲ ಇರುವಾಗ, ಅದನ್ನು ಓಡೋಡಿ ಒಪ್ಪಿಸುವಂತೆ ಮಾಡೋದು ಅನ್ಯಾಯ.

‘ಇವತ್ತೊಂದೇ ದಿನ ಆಫರ್’ ಅನ್ನೋ ಆತುರವಂತೂ ಬೇಡವೇ ಬೇಡ. ಮನೆಬಾಗಿಲ ಖರೀದಿಯನ್ನು ಐರೋಪ್ಯ ಒಕ್ಕೂಟದಲ್ಲಿ ಸಾಮಾನ್ಯವಾಗಿ 14 ದಿನದೊಳಗೆ, ಅಮೆರಿಕದಲ್ಲಿ 3 ಕೆಲಸದ ದಿನದೊಳಗೆ ಗ್ರಾಹಕರು ರದ್ದು ಮಾಡಬಹುದು. ಒತ್ತಾಯಕ್ಕೆ ಸಹಿ ಹಾಕಿದವರು ರಾತ್ರಿ ಮನೆಯವರ ಜೊತೆ ಮಾತಾಡಿ ಬೆಳಗ್ಗೆ ಬೇಡ ಅಂತಾರೆ. ಆಗ ಕಮಿಷನ್ ಹೋಗೋದು ಬಿಸಿಲಲ್ಲಿ ಅಲೆದ ಹುಡುಗನದ್ದು. ಟಾರ್ಗೆಟ್ ಕೊಟ್ಟವರ ಸಂಬಳದಲ್ಲಿ ಏನೂ ಕಡಿಮೆಯಾಗಲ್ಲ.